ಮಿಸ್ರಿ ಹಚ್ಚಿದ ಬೆರಳು

ಮಿಸ್ರಿ ಹಚ್ಚುತ್ತಿದ್ದವಳು ನಾನು. ನನ್ನ ತಂಗಿ ಮಹಾನಂದಾ ಅಲ್ಲ. ಆಕೆ ತನ್ನ ಜನ್ಮದಲ್ಲಿ ತಂಬಾಕಿನ ಒಂದು ಚಿಟಿಕೆಯನ್ನೂ ನಾಲಿಗೆಗೆ ಮುಟ್ಟಿಸಿದವಳಲ್ಲ. ಹಿರೋಳ್ಳಿಯ ನಮ್ಮ ಮನೆಯ ಅಂಗಳದಲ್ಲಿ, ಎಲ್ಲರ ಎದುರಿಗೆ, ಆಕೆ ಹಚ್ಚುವುದನ್ನು ಕಣ್ಣಾರೆ ನೋಡಿದ್ದೇನೆಂದು ಹೇಳಿದ್ದು ಹಸಿ ಸುಳ್ಳು. ಹೇಳಿದವಳು ನಾನು, ಶಾಂತಾ, ಆಕೆಯ ಒಡಹುಟ್ಟಿದ ಅಕ್ಕ.

ಇದನ್ನು ಮೊದಲೇ ಹೇಳಿಬಿಟ್ಟೆ. ಕೊನೆಯವರೆಗೆ ಎಳೆದಾಡಿ, ನಡುವೆ ಒಂದಿಷ್ಟು ಅತ್ತು, ಓದುವವರಿಂದ 'ಪಾಪ' ಅನ್ನಿಸಿಕೊಂಡು ಆಮೇಲೆ ಹೇಳುವ ಹೆಂಗಸು ನಾನಲ್ಲ. ಬರೆಯಬೇಡ ಎಂದವರು ಮನೆಯಲ್ಲಿ ಬಹಳ ಮಂದಿ. ಹಿರಿಯ ಮಗ ಎದುರು ಕೂತು, "ಅವ್ವಾ, ಮನಿ ಮಾತು ಮನ್ಯಾಗೇ ಇರ್ಲಿ, ನಮ್ಮ ಇಜ್ಜತ್ತಿನ ಪ್ರಶ್ನೆ ಅದ" ಎಂದ. ಮನೆಯ ಮಾತು ಇಷ್ಟು ವರ್ಷ ಮನೆಯಲ್ಲೇ ಇತ್ತಲ್ಲ, ಯಾರ ಇಜ್ಜತ್ತು ಉಳಿಯಿತು? ನನ್ನದು ಉಳಿಯಿತು. ತಂಗಿಯದು ಹೋಯಿತು. ಆ ಲೆಕ್ಕ ಅವನಿಗೆ ಸರಿ ಕಾಣಬಹುದು, ನನಗೆ ಇನ್ನು ಕಾಣುವುದಿಲ್ಲ. ಸಿಟ್ಟು ಬರುವವರಿಗೆ ಬರಲಿ.

ಮಿಸ್ರಿ ಗೊತ್ತಿಲ್ಲದವರಿಗೆ ಒಂದು ಮಾತು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು, ಕುಟ್ಟಿ, ಸೋಸಿ ಮಾಡುವ ಪುಡಿ ಅದು. ಬೆಳಿಗ್ಗೆ ಎದ್ದು ತೋರುಬೆರಳಿಗೆ ಒಂದಿಷ್ಟು ಅಂಟಿಸಿಕೊಂಡು ಹಲ್ಲಿಗೆ, ವಸಡಿಗೆ ತಿಕ್ಕಬೇಕು. ಸ್ವಲ್ಪ ಹೊತ್ತು ಬಾಯಲ್ಲಿ ಬಿಟ್ಟು ಉಗುಳಿದರೆ ತಲೆ ಹಗುರಾಗುತ್ತದೆ, ಹೊಟ್ಟೆ ಸರಿಯಾಗುತ್ತದೆ ಎನ್ನುತ್ತಾರೆ. ಒಮ್ಮೆ ಹಿಡಿಯಿತೆಂದರೆ ಬಿಡುವುದಿಲ್ಲ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆಳಂದ ತಾಲೂಕಿನ ನಮ್ಮೂರಿಗೆ ಮಹಾರಾಷ್ಟ್ರದ ಗಡಿ ಹತ್ತಿರ. ಆ ಕಡೆಯಿಂದ ಹೆಣ್ಣು ತಂದ ಮನೆಗಳಿಗೆಲ್ಲ ಮಿಸ್ರಿಯೂ ಅವರ ಜೊತೆಗೇ ಬಂದಿತ್ತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಅಕ್ಕಲಕೋಟೆ ಕಡೆಯವಳು.

ಇದಕ್ಕೆ ಒಂದು ನೇಮವಿತ್ತು. ಮದುವೆಯಾಗಿ ಒಂದೆರಡು ಹೆತ್ತ ಹೆಂಗಸು ಮಿಸ್ರಿ ಹಚ್ಚಿದರೆ ಅದು ಹಲ್ಲುನೋವಿನ ಔಷಧ. ಮದುವೆಯಾಗದ ಹುಡುಗಿ ಹಚ್ಚಿದರೆ ಚಟ, ಮನೆತನಕ್ಕೆ ಕಳಂಕ, ಅಂಥವಳನ್ನು ಯಾರೂ ಮಾಡಿಕೊಳ್ಳುವುದಿಲ್ಲ. ಪುಡಿ ಅದೇ, ಡಬ್ಬಿ ಅದೇ. ಕೊರಳಿಗೆ ತಾಳಿ ಬಿದ್ದ ಕೂಡಲೇ ತಂಬಾಕು ಔಷಧವಾಗುತ್ತದೆಯೇ? ಈ ಪ್ರಶ್ನೆಯನ್ನು ನಾನು ಆಗ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಆಯಿ ದಿನಾ ಮಿಸ್ರಿ ತಿಕ್ಕಿ, ಬಾಯಿ ಮುಕ್ಕಳಿಸಿ, ಮೈತೊಳೆದು, ವಿಭೂತಿ ಧರಿಸಿ ಲಿಂಗಪೂಜೆಗೆ ಕೂಡುತ್ತಿದ್ದಳು. ಆಕೆಯನ್ನು ಯಾರಾದರೂ ಬಾಯಿ ತೆಗೆ ಎಂದು ಕೇಳಿದ್ದುಂಟೇ?

ಹಂಚಿನ ಹೊಗೆಗೆ ಆಯಿಗೆ ಕೆಮ್ಮು ಬರುತ್ತಿತ್ತು. ಹಾಗಾಗಿ ಹುರಿಯುವ ಕೆಲಸ ನನಗೆ ಬಂತು. ಹದ ಬಂದಿದೆಯೋ ಇಲ್ಲವೋ ನೋಡಲು ಒಮ್ಮೆ ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದೆ. ತಲೆ ಗಿರ್ರೆಂದಿತು. ಮುಂದಿನ ಸಲ ಹಲ್ಲಿಗೆ ತಿಕ್ಕಿದೆ. ಆಮೇಲೆ ಹುರಿಯದ ದಿನವೂ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಆಯಿಯೇ ಕಲಿಸಿದಳು ಎಂದು ನಾನು ಹೇಳುವುದಿಲ್ಲ. ಆಕೆ ಹುರಿ ಎಂದಳು, ಹಚ್ಚು ಎನ್ನಲಿಲ್ಲ. ನನಗೆ ಆಗ ಹದಿನೆಂಟು.

ನಂದಾಳಿಗೆ ಹದಿಮೂರು. ಮನೆಯಲ್ಲಿ ಅಪ್ಪನಿಗೆ ಪೇಪರ್ ಓದಿ ಹೇಳುತ್ತಿದ್ದವಳು ಅವಳೇ. ಬಾಯಲ್ಲೇ ಬಡ್ಡಿ ಲೆಕ್ಕ ಮಾಡಿ ಕಾಕಾನನ್ನು ತಬ್ಬಿಬ್ಬು ಮಾಡುವಳು. ಎಪ್ಪತ್ತೆರಡರ ಬರ ಕಳೆದು ಒಂದೆರಡು ವರ್ಷವಾಗಿತ್ತು. ಮನೆಯಲ್ಲಿ ಮತ್ತೆ ಉಸಿರಾಡುವ ಹಾಗಾಗಿತ್ತು. ಆಕೆ ಏಳನೆಯ ಇಯತ್ತೆಯಲ್ಲಿ ಮೊದಲಿಗಳಾದಾಗ ಮಾಸ್ತರರು ತಾವಾಗಿ ಮನೆಗೆ ಬಂದು, ಈ ಹುಡುಗಿಯನ್ನು ಹೈಸ್ಕೂಲಿಗೆ ಕಳಿಸದಿದ್ದರೆ ಪಾಪ ಹತ್ತುತ್ತದೆ ಎಂದರು. ಅಪ್ಪ ಒಪ್ಪಿದ. ಆಳಂದದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುವುದೆಂದು ಗೊತ್ತಾಯಿತು. ನಂದಾ ಅಟ್ಟದ ಮೇಲಿನ ಹಳೆಯ ತಗಡಿನ ಟ್ರಂಕನ್ನು ಇಳಿಸಿ, ಬೂದಿ ಹಾಕಿ ತಿಕ್ಕಿ, ಕೀಲಿಗೆ ಎಣ್ಣೆ ಬಿಟ್ಟು, ಒಳಗೆ ಎರಡು ಲಂಗ ಮಡಿಸಿಟ್ಟು ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು.

ಆ ವರ್ಷ ಯುಗಾದಿಯ ಸುಮಾರಿಗೆ ಆಕೆಯ ಬಾಯಿ ಉರಿಯಲು ಶುರುವಾಯಿತು. ಪುಂಡಿಪಲ್ಯ ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಶೇಂಗಾ ಹಿಂಡಿ ಮುಟ್ಟುವ ಹಾಗಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಮುದ್ದೆ ಮಾಡಿ ನುಂಗುವಳು. ಮೊದಮೊದಲು ಅವ್ವ ರೇಗಿದಳು: "ಓದೋ ಹುಡುಗಿಗಿ ಖಾರ ನಡಿಯಂಗಿಲ್ಲೇನು? ಆಳಂದಕ್ಕ ಹೋಗೂ ಮೊದಲೇ ಇಷ್ಟು ಸೊಕ್ಕ!" ಒಂದು ದಿನ ಹಿಡಿದು ಕೂರಿಸಿ ನೋಡಿದಳು. ಎರಡೂ ಗಲ್ಲದ ಒಳಮೈಗೆ ಸಣ್ಣ ಸಣ್ಣ ಬಿಳಿ ಗೆರೆಗಳು, ಒಂದರ ಮೇಲೊಂದು ಹಾಯ್ದು ಬಲೆಯಾಗಿದ್ದವು. "ಶ್ಯಾವಿಗಿ ಎಳಿ ಬಿದ್ದಂಗ ಅದ" ಎಂದಳು ಅವ್ವ. ಗೆರೆಗಳ ನಡುವೆ ಕೆಂಪಗೆ ಹಸಿಹಸಿ. ಅದೇ ಹೊತ್ತಿಗೆ ಮಣಿಕಟ್ಟಿನ ಮೇಲೆ ನೇರಳೆ ಬಣ್ಣದ ಚಪ್ಪಟೆ ಗುಳ್ಳೆಗಳೆದ್ದು ತುರಿಸುತ್ತಿದ್ದವು. ಅದು ಹೊಸ ಬಳೆಯ ದೋಷ ಎಂದು ಆಯಿ ತೀರ್ಮಾನ ಮಾಡಿದಳು. ಉಷ್ಣ ಎಂದು ಮಜ್ಜಿಗೆ ಕುಡಿಸಿದರು. ಕಡಿಮೆಯಾಗಲಿಲ್ಲ.

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಗಿತ್ತು. ಅಫಜಲಪುರದ ಮನೆತನ, ದೊಡ್ಡ ಒಕ್ಕಲುತನ, ಹುಡುಗ ನೋಡಲು ಲಕ್ಷಣವಾಗಿದ್ದ. ನನಗೆ ಒಳಗೊಳಗೆ ಹೆದರಿಕೆ. ಹೆದರಿಕೆಯಾದಷ್ಟೂ ಡಬ್ಬಿಯ ಕಡೆ ಕೈ ಹೋಗುತ್ತಿತ್ತು. ಒಂದು ಬೆಳಿಗ್ಗೆ ಆಯಿ ಡಬ್ಬಿ ತೆಗೆದರೆ ತಳ ಕಾಣುತ್ತಿದೆ.

ಆಕೆ ಕೂಗಾಡಲಿಲ್ಲ. ಮನೆಯ ಹುಡುಗಿಯರನ್ನೆಲ್ಲ ಅಂಗಳಕ್ಕೆ ಕರೆದಳು. ನಾನು, ನಂದಾ, ಕಾಕಾನ ಇಬ್ಬರು ಹೆಣ್ಣುಮಕ್ಕಳು. ಬಿಸಿಲಿಗೆ ಮುಖ ಮಾಡಿ ಸಾಲಾಗಿ ನಿಲ್ಲಿಸಿದಳು. ಅಪ್ಪ, ಕಾಕಾ ಪಡಸಾಲೆಯಲ್ಲಿ ಕೂತಿದ್ದರು. "ಬಾಯಿ ತಗೀ ಬೇ" ಎಂದು ಒಬ್ಬೊಬ್ಬರದೇ ಗದ್ದ ಹಿಡಿದು ನೋಡುತ್ತ ಬಂದಳು. ನಾನು ಬೆಳಕು ಹರಿಯುವ ಮೊದಲೇ ಬೂದಿಯಿಂದ ಹಲ್ಲು ತಿಕ್ಕಿ ಪೇರಲ ಎಲೆ ಅಗಿದು ಉಗುಳಿದ್ದೆ. ನನ್ನ ತೋರುಬೆರಳಿನ ಉಗುರಿನ ಸಂದು ಕರ್ರಗಿತ್ತು. ಆದರೆ ಹುರಿಯುವವಳ ಬೆರಳು ಕರ್ರಗೇ ಇರುತ್ತದೆ, ಅದನ್ನು ನೋಡಿ ಯಾರಿಗೆ ಏನು ಅನುಮಾನ? ಆಯಿ ನನ್ನ ಬಾಯಿ ನೋಡಿದಳು, ಮುಂದೆ ಹೋದಳು.

ನಂದಾಳ ಬಾಯಿ ತೆಗೆಸಿದವಳು ಅಲ್ಲೇ ನಿಂತಳು. "ಇಲ್ಲಿ ನೋಡ್ರಿ, ತಂಬಾಕ ಸುಟ್ಟದ!" ನಮ್ಮ ಕಾಕಾ ಎಡಗಲ್ಲದಲ್ಲಿ ಸುಣ್ಣ-ತಂಬಾಕು ಇಟ್ಟುಕೊಳ್ಳುವವನು, ಇಟ್ಟ ಜಾಗ ಒಳಗೆ ಬೆಳ್ಳಗಾಗಿತ್ತು, ಅದು ಮನೆಯವರಿಗೆಲ್ಲ ಗೊತ್ತಿತ್ತು. ಅಷ್ಟೇ ಸಾಕಾಯಿತು. ಬಾಯಲ್ಲಿ ಬಿಳುಪು ಕಂಡರೆ ತಂಬಾಕು. ಕಾಕಾನಿಗೆ ಒಂದೇ ಗಲ್ಲ, ಈ ಹುಡುಗಿಗೆ ಎರಡೂ ಗಲ್ಲ, ಅದೂ ಗೆರೆಗೆರೆ ಯಾಕೆ ಎಂದು ಕೇಳಿದವರಿಲ್ಲ. ತಿಂಗಳಿಂದ ಖಾರ ತಿನ್ನದೆ ಅಳುತ್ತಿದ್ದ ಹುಡುಗಿಯ ನೋವು ಒಂದು ಗಳಿಗೆಯಲ್ಲಿ ಕಳ್ಳತನದ ಸಾಕ್ಷಿಯಾಗಿಹೋಯಿತು.

"ನಾ ಹಚ್ಚಿಲ್ಲ ಆಯಿ" ಎಂದಳು ನಂದಾ. ಕೊರಳಲ್ಲಿದ್ದ ಲಿಂಗದ ಮೇಲೆ ಕೈಯಿಟ್ಟಳು. "ಲಿಂಗ ಮುಟ್ಟಿ ಹೇಳ್ತೇನಿ, ನಾ ಹಚ್ಚಿಲ್ಲ."

ನಮ್ಮಂಥ ಮನೆಗಳಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಅಪ್ಪ ಎದ್ದು ನಿಂತ. ಆತನ ಮುಖದಲ್ಲಿ ಒಂದು ಹೊಯ್ದಾಟ ನಾನು ನೋಡಿದೆ. ಆತ ಮಗಳನ್ನು ನಂಬಲು ಇನ್ನೇನು — ನಂಬಿಯೇ ಬಿಟ್ಟಿದ್ದ. ಆದರೆ ಆಯಿ, "ಲಿಂಗದ ಮ್ಯಾಲ ಸುಳ್ಳು ಹೇಳ್ತಿಯೇನ ಬೇ!" ಎಂದು ಚೀರಿದಳು. ಆಗ ಅಪ್ಪ ನನ್ನ ಕಡೆ ತಿರುಗಿದ.

"ಶಾಂತಾ, ನೀ ಆಕಿ ಜೋಡಿ ಮಲಗಾಕಿ, ಜೋಡಿ ಏಳಾಕಿ. ಖರೇ ಹೇಳು. ಆಕಿ ಹಚ್ಚೂದು ನೀ ನೋಡೀ ಏನು?"

"ಹೌದಪ್ಪಾ. ನಾ ನೋಡೇನಿ."

ಲಿಂಗ ಮುಟ್ಟಿ ಹೇಳು ಎಂದು ನನಗೆ ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಕೈ ನಡುಗುತ್ತಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ಕೇಳಿದ್ದರೆ ಮುಟ್ಟಿ ಹೇಳಿಬಿಡುತ್ತಿದ್ದೆ. ನನಗೆ ಆಗ ಕಾಣುತ್ತಿದ್ದದ್ದು ಅಫಜಲಪುರದ ಮನೆ ಒಂದೇ. ತಂಗಿ ಎದುರಿಗೇ ನಿಂತಿದ್ದಳು, ಆಕೆ ಕಾಣಲಿಲ್ಲ.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಆತ ಒಳಗೆ ಹೋದ. ಸಂಜೆ ಮಾಸ್ತರರು ದಾಖಲಾತಿಯ ಮಾತು ಆಡಲು ಬಂದಾಗ, "ಬ್ಯಾಡ್ರಿ ಸರ, ಹುಡುಗಿ ಮನ್ಯಾಗಿರ್ಲಿ" ಎಂದ. ಕಾರಣ ಹೇಳಲಿಲ್ಲ. ಆಯಿ ಬಾಗಿಲ ಮರೆಯಿಂದ, "ಕಣ್ಣ ಮುಂದಿದ್ದೇ ಹಿಂಗ ಮಾಡಿದಾಕಿ, ಆಳಂದಕ್ಕ ಹೋಗಿ ಏನೇನು ಮಾಡ್ತಾಳೋ" ಎಂದು ಅವರಿಗೆ ಕೇಳುವ ಹಾಗೇ ಅಂದಳು. ಊರಿಗೆ ಗೊತ್ತಾಗಲು ಅಷ್ಟು ಸಾಕಾಯಿತು. ಬಾವಿಕಟ್ಟೆಯ ಮೇಲೆ ಯಾರೋ 'ಮಿಸ್ರಿ ನಂದಾ' ಎಂದರು. ಆ ಹೆಸರು ಅಂಟಿಕೊಂಡಿತು.

ಇನ್ನೂ ಇದೆ. ಇಲ್ಲಿಯವರೆಗೆ ಹೇಳಿದ್ದಕ್ಕೆ ಹೆದರಿಕೆ ಎಂಬ ನೆವ ಕೊಡಬಹುದು. ಮುಂದಿನದಕ್ಕೆ ಯಾವ ನೆವವೂ ಇಲ್ಲ.

ಬಾಯಿಯ ಬಿಳುಪು ಹೋಗಲಿ, ಚಟವೂ ಬಿಡಲಿ ಎಂದು ಆಯಿ ಮದ್ದು ಹೇಳಿದಳು: ಹರಳುಪ್ಪು ಕುಟ್ಟಿ, ಅರಿಶಿನ ಬೆರೆಸಿ, ದಿನಾ ಬೆಳಿಗ್ಗೆ ಗಲ್ಲದ ಒಳಗೆ ತಿಕ್ಕುವುದು. "ಅಕ್ಕ ಅದಿ, ನೀನೇ ತಿಕ್ಕು" ಎಂದು ಬಟ್ಟಲು ನನ್ನ ಕೈಗೆ ಕೊಟ್ಟಳು. ನಂದಾ ಪಡಸಾಲೆಯ ಕಂಬ ಹಿಡಿದು ನಿಲ್ಲುವಳು. ನಾನು ಗದ್ದ ಹಿಡಿದು, ಆ ಹಸಿ ಗಾಯದ ಮೇಲೆ ಉಪ್ಪು ತಿಕ್ಕುವೆ. ಆಕೆ ಅಳುತ್ತಿರಲಿಲ್ಲ. ಕಣ್ಣಿನಿಂದ ನೀರು ತಾನಾಗಿ ಇಳಿಯುತ್ತಿತ್ತು, ಕಂಬ ಹಿಡಿದ ಕೈ ಬಿಗಿಯಾಗುತ್ತಿತ್ತು. ಮುಗಿದ ಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನೀರು ಮುಕ್ಕಳಿಸುವಳು. ನಾನು ಅಷ್ಟರಲ್ಲಿ ಹಿತ್ತಲಿಗೆ ಹೋಗಿ — ಹೇಳಿಯೇ ಬಿಡುತ್ತೇನೆ — ಬಚ್ಚಿಟ್ಟ ಮಿಸ್ರಿಯನ್ನು ಅದೇ ಬೆರಳಿಗೆ ಹಚ್ಚಿಕೊಂಡು ನನ್ನ ಹಲ್ಲು ತಿಕ್ಕುತ್ತಿದ್ದೆ. ಕೆಲವು ದಿನ ಆ ಕೆಲಸ ಮೊದಲು, ತಂಗಿಯ ಕೆಲಸ ಆಮೇಲೆ.

ಅಂಥದೇ ಒಂದು ಬೆಳಿಗ್ಗೆ. ಬೆರಳು ಆಕೆಯ ಬಾಯೊಳಗಿತ್ತು. ನನ್ನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಹೊರಗೆ ಸರಿಸಿದಳು.

"ಅಕ್ಕಾ, ನಿನ್ನ ಬೆರಳಿಗಿ ಮಿಸ್ರಿ ವಾಸನಿ ಅದ."

"ಹುರಿಯಾಕಿ ನಾನೇ ಅಲ್ಲೇನು?" ಎಂದೆ.

ಅಂದು ನಾನು ಏನೂ ಹುರಿದಿರಲಿಲ್ಲ. ಆ ವಾರ ಮನೆಯಲ್ಲಿ ತಂಬಾಕಿನ ಎಲೆಯೇ ಇರಲಿಲ್ಲ. ಅದು ನನಗೂ ಗೊತ್ತು, ಆಕೆಗೂ ಗೊತ್ತು. ನನ್ನ ಮುಖವನ್ನೇ ನೋಡಿದಳು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಮತ್ತೆ ಬಾಯಿ ತೆರೆದಳು. ನಾನು ಆವತ್ತು ದಿನಕ್ಕಿಂತ ಜೋರಾಗಿ ತಿಕ್ಕಿದೆ.

ಹೌದು, ಜೋರಾಗಿ. ಯಾಕೆ ಎಂದು ಕೇಳಬೇಡಿ. ಆಕೆಗೆ ಗೊತ್ತಾಯಿತಲ್ಲ ಎಂಬ ಸಿಟ್ಟು, ಸುಮ್ಮನಿದ್ದಾಳಲ್ಲ ಎಂಬ ಇನ್ನೊಂದು ಸಿಟ್ಟು. ನನ್ನ ಮದುವೆ ಮುರಿಯಬಾರದೆಂದು ಒಂದು ಹದಿಮೂರರ ಹುಡುಗಿ ಬಾಯಿಯ ಬೆಂಕಿಯನ್ನು ನುಂಗಿ ನಿಂತಿದ್ದಳು. ನಾನು ಅದಕ್ಕೆ ಉಪ್ಪು ಹಾಕಿದೆ.

ಮದುವೆಯಾಯಿತು. ನಂದಾ ತಿಕ್ಕಿ ಎಣ್ಣೆ ಬಿಟ್ಟಿದ್ದ ಟ್ರಂಕಿನಲ್ಲಿ ನನ್ನ ಸೀರೆ ತುಂಬಿ ಅಫಜಲಪುರಕ್ಕೆ ಕಳಿಸಿದರು. ಆಕೆಯ ಎರಡು ಲಂಗ ತೆಗೆದು ಗೂಟಕ್ಕೆ ತೂಗುಹಾಕಿದ್ದನ್ನು ನಾನು ನೋಡಿದೆ. ಆ ಟ್ರಂಕು ಈಗಲೂ ನನ್ನ ಮಂಚದ ಕೆಳಗೆ ಇದೆ. ಮೊದಲ ಹೆರಿಗೆಯಾದ ಮೇಲೆ ನನ್ನ ಅತ್ತೆ ತಾನಾಗಿಯೇ ಮಿಸ್ರಿ ಡಬ್ಬಿ ಕೈಗೆ ಕೊಟ್ಟು, "ಬಾಣಂತಿ ಹಲ್ಲು ಸಡಿಲಾಗ್ತಾವ, ಹಚ್ಚವ್ವಾ" ಎಂದಳು. ಆವತ್ತಿನಿಂದ ನನ್ನ ಚಟ ಔಷಧವಾಯಿತು. ನಂದಾಳಿಗೆ ಎಲ್ಲೂ ಸಂಬಂಧ ಕೂಡಲಿಲ್ಲ. ನೋಡಲು ಬಂದವರ ಕಿವಿಗೆ ಹೆಸರು ಮೊದಲೇ ಬಿದ್ದಿರುತ್ತಿತ್ತು. ಕೊನೆಗೆ ಜೇವರ್ಗಿ ತಾಲೂಕಿನ ಇಜೇರಿಗೆ, ಹೆಂಡತಿ ತೀರಿಕೊಂಡಿದ್ದ ಶರಣಪ್ಪನಿಗೆ ಕೊಟ್ಟರು.

ಶರಣಪ್ಪ ಒಳ್ಳೆಯವನು. ಇದನ್ನು ಹೇಳಿ ನನ್ನ ಪಾಪ ಕಡಿಮೆ ಮಾಡಿಕೊಳ್ಳುತ್ತಿಲ್ಲ. ಆತ ಒಳ್ಳೆಯವನಾಗಿದ್ದು ಆತನ ಗುಣ, ನನ್ನ ಪುಣ್ಯವಲ್ಲ. ಹೆಂಡತಿಯ ಬಾಯಿಯನ್ನು ಗುಲ್ಬರ್ಗಾಕ್ಕೆ ಹೋಗಿ ತೋರಿಸಬೇಕೆಂದು ಹೊಳೆದದ್ದು ಆತನೊಬ್ಬನಿಗೇ. ಅಷ್ಟರಲ್ಲಿ ಆಕೆಗೆ ಮಗಳು ಹುಟ್ಟಿ ಓಡಾಡುತ್ತಿದ್ದಳು. ಬಾಯಿ ಕೆಲವು ತಿಂಗಳು ತಣ್ಣಗಿರುತ್ತಿತ್ತು, ಮತ್ತೆ ಕೆರಳುತ್ತಿತ್ತು. ಹೆಂಗಸೊಬ್ಬಳು ಜೊತೆಗಿರಲಿ ಎಂದು ನನ್ನನ್ನೂ ಕರೆದರು. ಹೋದೆ.

ಹಲ್ಲಿನ ಡಾಕ್ಟರು ಒಬ್ಬ ಸಣ್ಣ ವಯಸ್ಸಿನ ಹೆಣ್ಣುಮಗಳು. ಬ್ಯಾಟರಿ ಬಿಟ್ಟು ಎರಡೂ ಗಲ್ಲ ನೋಡಿದರು. ತಂಬಾಕು, ಮಿಸ್ರಿ ಏನಾದರೂ ಉಂಟೇ ಎಂದು ಕೇಳಿದರು. ಶರಣಪ್ಪ ತಡಮಾಡಲಿಲ್ಲ: "ಇಲ್ರೀ ಡಾಕ್ಟ್ರೇ. ಮಂದಿ ಅಂತಾರ, ನಾ ನಂಬಂಗಿಲ್ಲ. ನನ್ನ ಹೆಂಡ್ತಿ ಮುಟ್ಟಾಕಿ ಅಲ್ಲ." ಆತನಿಗೆ ಯಾರೂ ಸಾಕ್ಷಿ ಹೇಳಿರಲಿಲ್ಲ. ಆಕೆಯ ಮಾತೊಂದೇ ಸಾಕಾಗಿತ್ತು. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ.

ಡಾಕ್ಟರು ನಂದಾಳ ಕೈ ತಿರುಗಿಸಿ ಮಣಿಕಟ್ಟು ನೋಡಿದರು. ಅಲ್ಲಿ ಹಳೆಯ ಕಲೆಗಳು ಮಸುಕಾಗಿ ಉಳಿದಿದ್ದವು. ಒಂದು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿ, ಮುಂದಿನ ಸಲ ಹೋದಾಗ ಹೆಸರು ಹೇಳಿದರು: ಲೈಕೆನ್ ಪ್ಲಾನಸ್. ತಂಬಾಕಿನಿಂದ ಬಂದದ್ದಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಬಾಯಿಯ ಚರ್ಮದ ಮೇಲೆ ಬೀಳುತ್ತದೆ, ಯಾಕೆಂದು ದೊಡ್ಡ ದೊಡ್ಡ ಡಾಕ್ಟರಿಗೂ ಪೂರ್ತಿ ತಿಳಿದಿಲ್ಲ. ಸಾಮಾನ್ಯವಾಗಿ ವಯಸ್ಸಾದವರಲ್ಲಿ ಕಾಣುವಂಥದು, ಮಕ್ಕಳಲ್ಲಿ ಅಪರೂಪ, ಆದರೆ ಬರುತ್ತದೆ. ತಂಬಾಕಿನ ಬಿಳುಪು ಅದನ್ನು ಇಟ್ಟ ಜಾಗದಲ್ಲಿ ಬರುತ್ತದೆ, ಇದು ಎರಡೂ ಕಡೆ ಹೀಗೆ ಬಲೆಯಂತೆ ಬರುತ್ತದೆ ಎಂದು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು. ಪೂರ್ತಿ ವಾಸಿಯಾಗುತ್ತದೆಂದು ಮಾತು ಕೊಡಲಾರೆ, ಮುಲಾಮು ಹಚ್ಚಿದರೆ ಉರಿ ತಗ್ಗುತ್ತದೆ, ಖಾರ ಹುಳಿ ದೂರವಿಡಿ, ವರ್ಷಕ್ಕೊಮ್ಮೆ ತಪ್ಪದೆ ಬಂದು ತೋರಿಸಿ ಎಂದರು.

"ಉಪ್ಪು ತಿಕ್ಕಿದ್ರ ಹೋಗ್ತದೇನ್ರಿ?" ನಂದಾ ಕೇಳಿದಳು.

"ಉಪ್ಪಾ? ಇದಕ್ಕಾ?" ಡಾಕ್ಟರ ಮುಖ ಕಿವುಚಿತು. "ಹಸಿ ಗಾಯಕ್ಕ ಯಾರರೇ ಉಪ್ಪು ತಿಕ್ಕತಾರೇನ್ರಿ? ಯಾರು ತಿಕ್ಕಿದ್ರು?"

"ಹಳೇ ಮಾತ್ರಿ ಅದು" ಎಂದಳು. ನನ್ನ ಕಡೆ ತಿರುಗಲಿಲ್ಲ.

ಆ ಗಳಿಗೆಯಲ್ಲಿ 'ನಾನು' ಎಂಬ ಒಂದು ಮಾತು ಸಾಕಿತ್ತು. ಆಡಲಿಲ್ಲ. ಆಗ ನಾನು ಹದಿನೆಂಟರವಳಲ್ಲ, ಮೂರು ಮಕ್ಕಳ ತಾಯಿ. ಮುರಿಯುವ ಮದುವೆ ಇರಲಿಲ್ಲ, ಆಯಿ ಸತ್ತು ಎಷ್ಟೋ ವರ್ಷವಾಗಿತ್ತು. ಹೆದರಿಕೆಗೆ ಯಾವ ಕಾರಣವೂ ಇಲ್ಲದಾಗಲೂ ಸುಮ್ಮನಿದ್ದೆನಲ್ಲ, ಅಂಗಳದ ಸುಳ್ಳಿಗಿಂತ ಇದು ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ಮನೆಗೆ ಬಂದು ಕನ್ನಡಿ ಹಿಡಿದು ನನ್ನ ಬಾಯಿ ನೋಡಿಕೊಂಡೆ. ವಸಡು ಕಪ್ಪಾಗಿತ್ತು, ಅಷ್ಟೇ. ಉರಿಯಿಲ್ಲ, ಗೆರೆಯಿಲ್ಲ, ಖಾರ, ಹುಳಿ ಏನು ತಿಂದರೂ ನಡೆಯುತ್ತಿತ್ತು. ಕದ್ದವಳ ಬಾಯಿ ನೆಟ್ಟಗಿತ್ತು, ಮುಟ್ಟದವಳ ಬಾಯಿ ಉರಿಯುತ್ತಿತ್ತು. ಮಾಡಿದ ತಪ್ಪು ಮೈಮೇಲೆ ಎದ್ದು ಕಾಣುತ್ತದೆ ಎಂದು ಬಿಸಿಲಲ್ಲಿ ನಿಲ್ಲಿಸಿ ಬಾಯಿ ನೋಡುವ ಆಯಂದಿರೆಲ್ಲ ಇದನ್ನು ಕೇಳಿಸಿಕೊಳ್ಳಲಿ.

ಈ ವರ್ಷ, ಅಂಗಳದ ಆ ದಿನ ಕಳೆದು ಇಪ್ಪತ್ತೈದು ವರ್ಷಕ್ಕೆ, ನನ್ನ ಮಗನ ನಿಶ್ಚಯಕ್ಕೆ ಅಫಜಲಪುರದ ನಮ್ಮ ಮನೆಗೆ ಎಲ್ಲರೂ ಬಂದಿದ್ದರು. ಊಟವಾದ ಮೇಲೆ ಎಲೆ-ಅಡಿಕೆ ಹಂಚುವಾಗ ನನ್ನ ನಾದಿನಿ ನಗುತ್ತ, "ನಂದಾಗ ಎಲಿ ಯಾಕ್ರಿ, ಮಿಸ್ರಿ ಡಬ್ಬಿ ಕೊಡ್ರಿ" ಎಂದಳು. ಹೆಂಗಸರೆಲ್ಲ ನಕ್ಕರು. ನಂದಾ ಕೂಡ ತುಟಿ ಅಗಲಿಸಿದಳು, ರೂಢಿಯಾಗಿಹೋಗಿತ್ತು. ಆದರೆ ಆಕೆಯ ಮಗಳು ಗೀತಾ ನಗಲಿಲ್ಲ. ತಾಯಿಗೆ ಆಗ ಎಷ್ಟು ವಯಸ್ಸಿತ್ತೋ ಈಗ ಅವಳಿಗೆ ಅಷ್ಟು. ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು.

"ದೊಡ್ಡವ್ವಾ, ನಮ್ಮವ್ವ ಸಣ್ಣಾಕಿದ್ದಾಗ ಮಿಸ್ರಿ ಕದ್ದು ಹಚ್ಚತಿದ್ಳಂತ. ಅದಕ್ಕೇ ಸಾಲಿ ಬಿಡಿಸಿದ್ರಂತ. ಖರೇ ಏನು?"

"ಸುಮ್ಮನ ಚ್ಯಾಷ್ಟಿ ಮಾಡ್ತಾರವ್ವಾ" ಎಂದೆ. ಹುಡುಗಿ ಹೋಗಲಿಲ್ಲ. "ಹಂಗಾರ ಬಾಯಿ ಯಾಕ ಹಂಗ ಆಗ್ಯದ?" ಎಂದಳು. ಅವಳ ಮುಖದಲ್ಲಿ ತಾಯಿಯ ಬಗ್ಗೆ ಒಂದು ಅನುಮಾನ ಕುಳಿತುಬಿಟ್ಟಿತ್ತು. ನಾನು ಹಚ್ಚಿದ ಅನುಮಾನ ಅದು, ಒಂದು ತಲೆಮಾರು ದಾಟಿ ಬಂದಿತ್ತು. ನಾನು ಪಾತ್ರೆ ಎತ್ತಿಡುವ ನೆವದಲ್ಲಿ ಬೆನ್ನು ತಿರುಗಿಸಿದೆ.

ಮರುದಿನ ಜೇವರ್ಗಿ ಬಸ್ಸಿಗೆ ಬಿಡಲು ನಾನೇ ಹೋದೆ. ಗೀತಾ ತುಸು ದೂರದಲ್ಲಿ ಬಾಳೆಹಣ್ಣು ಕೊಳ್ಳುತ್ತಿದ್ದಳು. ಅಲ್ಲೇ, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ನಂದಾಳ ಕೈ ಹಿಡಿದು ಎಲ್ಲ ಹೇಳಿದೆ. ಡಬ್ಬಿ, ಸುಳ್ಳು, ಬೆರಳು, ಆಸ್ಪತ್ರೆ. ಕಾಲಿಗೆ ಬೀಳುತ್ತೇನೆ ಎಂದೆ.

ಆಕೆ ಕೈ ಬಿಡಿಸಿಕೊಂಡಳು. ಸಿಟ್ಟಿನಿಂದಲ್ಲ, ಸೆರಗು ಸರಿಮಾಡಿಕೊಳ್ಳಲು ಬಿಡಿಸಿಕೊಂಡ ಹಾಗೆ.

"ನನ್ನ ಮುಂದ ಯಾಕ ಹೇಳಾಕತ್ತಿ ಅಕ್ಕಾ? ನನಗ ಗೊತ್ತಿಲ್ಲೇನು? ನನ್ನ ಬಾಯಾಗಿದ್ದದ್ದು ನಿನ್ನ ಬೆರಳು. ಯಾರಿಗಿ ಗೊತ್ತಿಲ್ಲ, ಅವರ ಮುಂದ ಹೇಳು. ನನ್ನ ಮಗಳ ಮುಂದ ಹೇಳು."

ಬಸ್ಸು ಬಂತು. ಹತ್ತಿಹೋದಳು.

ಅದಕ್ಕೇ ಈ ಪಂಚಮಿಗೆ ಹಿರೋಳ್ಳಿಗೆ ಹೋದೆ. ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಹಬ್ಬ. ಅವ್ವ, ಕಾಕಾನ ಹೆಂಡತಿ ಕಾಕು, ಆಕೆಯ ಹೆಣ್ಣುಮಕ್ಕಳು ಇದ್ದರು, ನನ್ನ ಜೊತೆ ಬಂದ ನಾದಿನಿಯೂ ಇದ್ದಳು. ನಂದಾ ಗೀತಾಳನ್ನು ಕರೆದುಕೊಂಡು ಬಂದಿದ್ದಳು. ಎಲ್ಲರೂ ಅಂಗಳದಲ್ಲಿ ಉಂಡಿ ಕಟ್ಟುತ್ತ ಕೂತಾಗ ನಾನು ಎದ್ದುನಿಂತೆ. ಆಯಿ ನಮ್ಮನ್ನು ನಿಲ್ಲಿಸಿದ ಜಾಗ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಗೇ ಹೋಗಿ ನಿಂತು ಗೀತಾಳನ್ನು ಕರೆದೆ. "ನೀ ಕೇಳಿದ್ದಿಯಲ್ಲ, ಈಗ ಹೇಳ್ತೇನಿ" ಎಂದೆ. ಒಂದನ್ನೂ ಬಿಡದೆ ಹೇಳಿದೆ. ಉಪ್ಪನ್ನು ಜೋರಾಗಿ ತಿಕ್ಕಿದ್ದನ್ನೂ ಹೇಳಿದೆ. ಡಾಕ್ಟರು ಹೇಳಿದ ಹೆಸರನ್ನು ಎರಡೆರಡು ಸಲ ಹೇಳಿ, ಅದು ತಂಬಾಕಿನಿಂದ ಬಂದದ್ದಲ್ಲ ಎಂದು ನಾದಿನಿಯ ಮುಖ ನೋಡಿ ಹೇಳಿದೆ. ಆಮೇಲೆ ಬಿಸಿಲಿಗೆ ಮುಖ ಮಾಡಿ ನನ್ನ ಬಾಯಿ ತೆರೆದೆ. ಕಪ್ಪು ವಸಡು, ಕಪ್ಪು ಹಲ್ಲು. "ನೋಡ್ರಿ, ತಂಬಾಕಿನ ಬಾಯಿ ಅಂದ್ರ ಇದು" ಎಂದೆ.

ಅವ್ವ ಮೊದಲು ಮಾತಾಡಿದಳು. "ಸತ್ತೋರ ಮಾತು ಈಗ್ಯಾಕ ತಗೀತಿ, ಹಬ್ಬದ ದಿನ?"

"ಸತ್ತೋರದ್ದಲ್ಲ ಅವ್ವಾ, ಬದುಕಿದಾಕಿದು."

ಕಾಕು ನನ್ನನ್ನು ಸಮಾಧಾನ ಮಾಡಲು ಬಂದಳು. "ಹೋಗ್ಲಿ ಬಿಡವ್ವಾ, ಆಗ ಸಣ್ಣಾಕಿದ್ದಿ ನೀ."

"ಸಣ್ಣಾಕಿ ನಾನಲ್ಲ ಕಾಕು. ಆಕಿ ಇದ್ಳು."

ನಂದಾ ಕಟ್ಟುತ್ತಿದ್ದ ಉಂಡಿಯನ್ನು ಮುಗಿಸಿ ತಾಟಿನಲ್ಲಿಟ್ಟಳು. ಕೈ ತೊಳೆದು ಸೆರಗಿಗೆ ಒರಸಿಕೊಂಡಳು. ನನ್ನ ಹತ್ತಿರ ಬರುತ್ತಾಳೆ ಎಂದುಕೊಂಡೆ. ಬರಲಿಲ್ಲ. ಮಗಳ ಎದುರಿಗೆ ಹೋಗಿ ನಿಂತಳು.

"ಕೇಳಿದೇನು?"

"ಹೂಂ ಅವ್ವಾ."

"ಹಂಗಾರ ನಡಿ, ಬಸ್ಸಿಗಿ ಹೊತ್ತಾತು."

ಗೀತಾ ತಾಯಿಯ ಕೈಚೀಲ ತಾನು ತೆಗೆದುಕೊಂಡು, ಇನ್ನೊಂದು ಕೈಯಿಂದ ತಾಯಿಯ ಕೈ ಹಿಡಿದಳು. ಅಗಸೆಬಾಗಿಲ ತನಕ ಇಬ್ಬರೂ ಹಾಗೇ ಹೋದರು. ನಂದಾ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಯಾಕೆ ನೋಡಬೇಕು? ಆಕೆ ಬಂದದ್ದು ನನ್ನನ್ನು ಕ್ಷಮಿಸಲಿಕ್ಕಲ್ಲ.

ನಾನು ಹೀಗೆ ಹೇಳಿದ್ದರಿಂದ ಮನೆತನದ ಮಾನ ಹೋಯಿತಂತೆ. ಹೋಗುವಂಥ ಮಾನ ಹೋಗಲಿ. ಹಿರೋಳ್ಳಿಯ ಹೆಂಗಸರು ಈಗ ನನಗೆ 'ಮಿಸ್ರಿ ಶಾಂತಾ' ಎನ್ನುತ್ತಾರಂತೆ, ಮಗನಿಗೆ ಕೇಳಲಾಗುವುದಿಲ್ಲ. ನನಗೆ ಕೇಳಲಾಗುತ್ತದೆ. ಆ ಹೆಸರು ಮೊದಲಿನಿಂದಲೂ ನನ್ನದೇ, ಇಷ್ಟು ವರ್ಷ ತಂಗಿ ಹೊತ್ತಿದ್ದಳು. ಅದನ್ನು ತಿರುಗಿ ಪಡೆದುಕೊಂಡೆ. ಆಳಂದದ ಸಾಲಿಯನ್ನು ಮಾತ್ರ ಆಕೆಗೆ ತಿರುಗಿ ಕೊಡಲು ನನ್ನಿಂದ ಆಗಲಿಲ್ಲ.